ಮೂರನೇ ಮಹಡಿಯ ಲೈನು

ನಾನು ಹೋದಾಗ ಎಲ್ಲ ಸರಿಯಾಗಿಯೇ ಇರುತ್ತದೆ. ನನ್ನ ಕಸುಬಿಗೆ ಅಂಟಿದ ಶಾಪ ಇದು. ಮನೆಯವರು ಫೋನಿನಲ್ಲಿ ಬಾಯಿ ಬಾಯಿ ಬಡಿದುಕೊಂಡಿರುತ್ತಾರೆ. ಹೋಗಿ ನೋಡಿದರೆ ಇಂಟರ್ನೆಟ್ ಡಬ್ಬಿಯ ಮೇಲಿನ ಹಸಿರು ದೀಪಗಳು ಏನೂ ಅರಿಯದ ಮಗುವಿನ ಹಾಗೆ ಕಣ್ಣು ಮಿಟುಕಿಸುತ್ತಿರುತ್ತವೆ. ನತೆರ್ಸಿಯಾಳ ಮನೆಗೆ ಆ ಶುಕ್ರವಾರ ಹೋಗಿದ್ದು ನಾಲ್ಕನೇ ಸಲ. ವ್ಯಾನು ನಿಲ್ಲಿಸಿ, ಕೊಳಕು ಹಿಮದ ಗುಡ್ಡೆ ದಾಟಿ, ಆ ಮೂರು ಮಹಡಿಗಳನ್ನು ಕೆಳಗಿನಿಂದ ನೋಡಿದಾಗ ನನ್ನ ಮಂಡಿಗಳು ಹತ್ತುವ ಮೊದಲೇ ನೋಯತೊಡಗಿದವು.

ನನ್ನ ಹೆಸರು ಒಸ್ವಾಲ್ಡೊ ರಪೋಜೊ, ಊರಿನವರಿಗೆ ವಾಲ್ಡೊ. ಇಪ್ಪತ್ತೇಳು ವರ್ಷ ಕೇಬಲ್ ಕಂಪನಿಗಾಗಿ ಅಮೆರಿಕದ ಫಾಲ್ ರಿವರ್ ಎಂಬ ಈ ಊರಿನ ಕಂಬ ಹತ್ತಿ, ನೆಲಮಾಳಿಗೆಗಳಲ್ಲಿ ತೆವಳಿ, ಎರಡೂ ಮಂಡಿ ಸವೆದ ಮೇಲೆ ಈಗ ನನ್ನದೇ ಒಂದು ವ್ಯಾನು ಇಟ್ಟುಕೊಂಡಿದ್ದೇನೆ. ಮನೆಗೆ ಬಂದ ಒಂದೇ ಲೈನನ್ನು ಮನೆಯೊಳಗಿನ ಕಂಪ್ಯೂಟರು, ಫೋನು, ಟಿವಿಗಳಿಗೆಲ್ಲ ಹಂಚಿಕೊಡುವುದು ನನ್ನ ಕೆಲಸ. ದೊಡ್ಡ ವಿದ್ಯೆಯೇನಲ್ಲ. ಒಂದು ಡಬ್ಬಿ, ನಾಲ್ಕು ವೈರು, ಗೋಡೆಯಲ್ಲಿ ಒಂದಷ್ಟು ತೂತು. ಆದರೆ ಈ ಊರಿನಲ್ಲಿ ತೂತು ಕೊರೆಯಬೇಕಾದ್ದು ಮರದ ಮೂರು ಮಹಡಿ ಮನೆಗಳಲ್ಲಿ. ಆ ಮಹಡಿಗಳಲ್ಲಿ ಇರುವವರೋ ಮಾತು ಬಿಟ್ಟ ಅಕ್ಕತಂಗಿಯರು, ಅಣ್ಣತಮ್ಮಂದಿರು, ಬೀಗರು. ವೈರು ಎಳೆಯುವುದಕ್ಕಿಂತ ಇವರ ಸುದ್ದಿಯನ್ನು ಮೇಲಕ್ಕೂ ಕೆಳಕ್ಕೂ ಹೊರುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ.

ನತೆರ್ಸಿಯಾ ನನ್ನ ಜೊತೆ ಓದಿದವಳು. ಮೂರನೇ ಮಹಡಿಯಲ್ಲಿ ಒಬ್ಬಳೇ ಇರುತ್ತಾಳೆ. ಕೆಳಗಿನ ಮನೆಯಲ್ಲಿ ಅವಳ ಅಕ್ಕ ದಿಯೊಲಿಂಡಾ, ಅವಳಿಗಿಂತ ಹತ್ತು ವರ್ಷ ದೊಡ್ಡವರು, ಅವರೂ ಒಬ್ಬರೇ. ನಡುವಿನ ಮಹಡಿಯ ಬಾಡಿಗೆಯವರು ಖಾಲಿ ಮಾಡಿ ತಿಂಗಳಾಗಿತ್ತು. ನಾಲ್ಕು ವರ್ಷದ ಹಿಂದೆ ಇವರ ತಾಯಿ ತೀರಿಕೊಂಡಾಗ ದಿಯೊಲಿಂಡಕ್ಕ ಒಂದೇ ವಾರದಲ್ಲಿ ತಾಯಿಯ ಕೋಣೆ ಖಾಲಿ ಮಾಡಿ, ಬಟ್ಟೆಬರೆಯನ್ನೆಲ್ಲ ಚರ್ಚಿಗೆ ಕೊಟ್ಟುಬಿಟ್ಟರು. ತಂಗಿಯನ್ನು ಒಂದು ಮಾತು ಕೇಳಲಿಲ್ಲ. ನತೆರ್ಸಿಯಾ ಕೆಳಗಿಳಿದು ಬಂದಾಗ ಕಂಡದ್ದು ಬರಿಯ ಮಂಚ. ಅವತ್ತು ಬಿಟ್ಟ ಮಾತು ಮತ್ತೆ ಶುರುವಾಗಿರಲಿಲ್ಲ.

ಮಾತಿಲ್ಲದಿದ್ದರೂ ಇಂಟರ್ನೆಟ್ಟು ಇಬ್ಬರಿಗೂ ಒಂದೇ. ಜನವರಿಯಲ್ಲಿ ನತೆರ್ಸಿಯಾ ನನ್ನನ್ನು ಕರೆದಳು. ಅವಳು ದುಭಾಷಿ. ಹದಿನೆಂಟು ವರ್ಷ ಆಸ್ಪತ್ರೆಗಳ ಓಣಿಗಳಲ್ಲಿ ಓಡಾಡಿ, ವೈದ್ಯರ ಇಂಗ್ಲಿಷನ್ನು ಪೋರ್ಚುಗಲ್ಲಿನಿಂದ ಬಂದ ನಮ್ಮ ಮುದುಕ ಮುದುಕಿಯರಿಗೆ ಪೋರ್ಚುಗೀಸಿನಲ್ಲಿ ಹೇಳಿದವಳು. ಸೊಂಟದ ಆಪರೇಷನ್ ಆದ ಮೇಲೆ ಕಾಲು ಗಂಟೆಗಿಂತ ಹೆಚ್ಚು ನಿಲ್ಲಲಾಗುತ್ತಿರಲಿಲ್ಲ. ಈಗ ಅದೇ ಕೆಲಸವನ್ನು ಒಂದು ಏಜೆನ್ಸಿಯ ಮೂಲಕ ಮನೆಯಿಂದ, ಕಂಪ್ಯೂಟರಿನ ಮುಂದೆ ಕೂತು ಮಾಡುತ್ತಿದ್ದಳು. ಏಜೆನ್ಸಿಯವರ ಕಟ್ಟಳೆ ಬಿಗಿ. ವೈಫೈ ನಡೆಯದು, ಕಂಪ್ಯೂಟರಿಗೆ ವೈರೇ ಬರಬೇಕು. ರೋಗಿ ಎದುರಿಗಿರುವಾಗ ತೊಂಬತ್ತು ದಿನಗಳಲ್ಲಿ ಮೂರು ಸಲ ಲೈನು ಕಡಿದರೆ ಪಟ್ಟಿಯಿಂದ ಹೆಸರು ತೆಗೆದುಹಾಕುತ್ತಾರೆ.

"ಇದು ಬಿಟ್ರೆ ನನಗೆ ಬೇರೆ ಏನೂ ಬರಲ್ಲ ಕಣೋ ವಾಲ್ಡೊ," ಅಂದಿದ್ದಳು. "ಈ ಸೊಂಟ ಇಟ್ಕೊಂಡು ಅಂಗಡೀಲಿ ನಿಲ್ಲೋಕಾಗುತ್ತಾ? ಸರಿಯಾಗಿ ಮಾಡ್ಕೊಡು. ಅಂಟು ಟೇಪು ಹಚ್ಚಿ ಓಡಿಹೋಗ್ಬೇಡ."

ಸರಿಯಾಗಿ ಮಾಡಬೇಕೆಂದರೆ ಡಬ್ಬಿಯನ್ನು ನೆಲಮಾಳಿಗೆಯಲ್ಲಿ, ಲೈನು ಮನೆಯೊಳಗೆ ಬರುವ ಜಾಗದಲ್ಲೇ ಕೂರಿಸಬೇಕಿತ್ತು. ಅಲ್ಲಿ ಕರೆಂಟಿನ ಪಾಯಿಂಟು ಇರಲಿಲ್ಲ. ಹಾಕಿಸಬೇಕೆಂದರೆ ಎಲೆಕ್ಟ್ರಿಷಿಯನ್ ಬರಬೇಕು, ಅವನು ಬರುವುದು ಮೂರು ವಾರಕ್ಕೆ. ಅವತ್ತು ನನಗೆ ಅದು ಮೂರನೇ ಮನೆ, ಚಳಿಗೆ ಬೆರಳು ಸೆಟೆದುಕೊಂಡಿದ್ದವು. ದಿಯೊಲಿಂಡಕ್ಕನ ಅಡುಗೆಮನೆಯಲ್ಲಿ ಬ್ರೆಡ್ಡಿನ ಡಬ್ಬದ ಪಕ್ಕ ಹಳೆಯ ಕೇಬಲ್ ಇತ್ತು, ಪ್ಲಗ್ ಪಾಯಿಂಟೂ ಇತ್ತು. ಅಲ್ಲೇ ಕೂರಿಸಿದೆ. ಅಲ್ಲಿಂದ ಒಂದು ವೈರನ್ನು ಹಿಂದಿನ ಮೆಟ್ಟಿಲ ಗೋಡೆಗುಂಟ ಮೇಲಕ್ಕೆ ಎಳೆದು ನತೆರ್ಸಿಯಾಳ ಮೇಜಿಗೆ ಮುಟ್ಟಿಸಿದೆ. ಅಚ್ಚುಕಟ್ಟಾಗಿಯೇ ಮಾಡಿದ್ದೆ, ಅದರಲ್ಲಿ ಎರಡು ಮಾತಿಲ್ಲ.

ಫೆಬ್ರುವರಿಯಲ್ಲಿ ಒಂದು ಮಂಗಳವಾರ, ರೋಗಿ ಎದುರಿಗಿರುವಾಗಲೇ ಲೈನು ಹೋಯಿತು. ಮುಕ್ಕಾಲು ಗಂಟೆ ಬಿಟ್ಟು ತಾನಾಗಿ ಬಂತು. ಮರುದಿನ ಹೋಗಿ ವೈರಿನ ಎರಡೂ ತುದಿ ಕತ್ತರಿಸಿ ಹೊಸದಾಗಿ ಕಟ್ಟಿದೆ. ಇನ್ನೊಂದು ದಿನ ಹೋಯಿತು, ಅವಳು ಪುಣ್ಯಕ್ಕೆ ಆಗ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಹೋಗಿ ಡಬ್ಬಿಯನ್ನೇ ಬದಲಿಸಿದೆ. ಮಾರ್ಚಿನ ಮೊದಲ ಶುಕ್ರವಾರ ಒಬ್ಬ ಬಸುರಿ ಹೆಂಗಸು, ಅವಳ ನರ್ಸು, ಇಬ್ಬರೂ ಪರದೆಯ ಮೇಲೆ ಹೆಪ್ಪುಗಟ್ಟಿ ನಿಂತರು. ಅದು ಲೆಕ್ಕಕ್ಕೆ ಎರಡನೆಯದು. ಹೊಸ ಡಬ್ಬಿಯೂ ಆರಿ ಮತ್ತೆ ಹೊತ್ತಿಕೊಂಡಿದೆ ಎಂದು ಅದರೊಳಗಿನ ದಾಖಲೆಯೇ ಹೇಳುತ್ತಿತ್ತು. ಕರೆಂಟು ಕೊಡುವ ಅಡಾಪ್ಟರು ಕೆಟ್ಟಿರಬೇಕು ಎಂದುಕೊಂಡು ಅದನ್ನೂ ಬದಲಿಸಿ ಬಂದೆ. ಸುಸ್ತಾದವನ ತಲೆ ಹತ್ತಿರದ ಉತ್ತರಕ್ಕೇ ಜೋತುಬೀಳುತ್ತದೆ. ಪ್ರತಿ ಸಲವೂ ಬಾಗಿಲು ತೆರೆದದ್ದು ದಿಯೊಲಿಂಡಕ್ಕ, ಪ್ರತಿ ಸಲವೂ ದೀಪಗಳು ಹಸಿರು.

ನಾಲ್ಕನೇ ಸಲವೂ ಅವರೇ ಬಾಗಿಲು ತೆರೆದರು.

"ಲೋ ವಾಲ್ಡೊ, ನಿನಗೆ ನಿನ್ನ ಮನೇಲಿ ಜಾಗ ಇಲ್ವೇನೋ? ವಾರವಾರ ಇಲ್ಲೇ ಬರ್ತೀಯ."

"ನಿಮ್ಮ ಸೂಪಿನ ಆಸೆಗೆ ಬರ್ತೀನಿ ಅಕ್ಕ."

"ಇವತ್ತು ಶುಕ್ರವಾರ, ಈಸ್ಟರಿಗೆ ಮುಂಚಿನ ತಪಸ್ಸು ಕಾಲ, ಮಾಂಸ ಮುಟ್ಟೋ ಹಾಗಿಲ್ಲ. ಸಾಸೇಜು ಹಾಕಿಲ್ಲ, ಬರೀ ಸೊಪ್ಪು, ಆಲೂಗೆಡ್ಡೆ. ಬೇಕಾದ್ರೆ ಕೂತ್ಕೊ."

ಕೂತು ಕುಡಿದೆ. ಡಬ್ಬಿ ಬ್ರೆಡ್ಡಿನ ಪಕ್ಕ ಮಿಟುಕಿಸುತ್ತಾ ಕೂತಿತ್ತು. ಅಲ್ಲಾಡಿಸಿ ನೋಡಿದೆ, ಪ್ಲಗ್ ಬಿಗಿಯಾಗಿತ್ತು.

"ಮೇಲಿನವಳು ಇನ್ನೂ ಗೊಣಗ್ತಿದಾಳಾ?" ಅಂದರು.

"ಲೈನು ಹೋಗ್ತಿದೆಯಲ್ಲ ಅಕ್ಕ."

"ನನಗೇನೂ ಹೋಗಿಲ್ಲಪ್ಪ. ನನ್ನ ಟಿವಿ ಚೆನ್ನಾಗೇ ಬರುತ್ತೆ. ನೆಲದ ಮೇಲಿರೋ ಮನೆಗೆ ಬರುತ್ತೆ, ಆಕಾಶದಲ್ಲಿರೋ ಮನೆಗೆ ಬರಲ್ಲ ಅಂದ್ರೆ ಅದು ನಿನ್ನ ಕೈಗುಣ." ಬಟ್ಟಲು ಎತ್ತಿಕೊಂಡು ತೊಟ್ಟಿಯ ಕಡೆ ಹೋದವರು ತಿರುಗಿ ನಿಂತರು. "ಮೇಲೆ ಹೋಗ್ತೀಯಲ್ಲ, ಅವಳಿಗೆ ಹೇಳು. ಹಿಂದಿನ ಮೆಟ್ಟಿಲ ಮೇಲೆ ಐಸು ಕಟ್ಟಿದೆ, ಉಪ್ಪು ಹಾಕಿದೀನಿ. ಆದರೂ ನೋಡ್ಕೊಂಡು ಇಳೀಲಿ. ಬಿದ್ರೆ ನನ್ನ ಹೆಸರು ಹೇಳ್ತಾಳೆ."

ಮೂವತ್ತೆಂಟು ಮೆಟ್ಟಿಲು. ಎಣಿಸಿಯೇ ಹತ್ತಿದೆ, ಎಣಿಸದಿದ್ದರೆ ಇನ್ನೂ ಹೆಚ್ಚು ಅನ್ನಿಸುತ್ತದೆ. ನತೆರ್ಸಿಯಾ ಕೆಲಸದ ಕೋಣೆಯಲ್ಲಿದ್ದಳು, ಹೆಡ್‌ಫೋನು ಕೊರಳಿಗೆ ನೇತುಬಿಟ್ಟುಕೊಂಡು. ಕಣ್ಣಿನ ಕೆಳಗೆ ಕಪ್ಪು.

"ಐಸಿದೆ, ನೋಡ್ಕೊಂಡು ಇಳೀಬೇಕಂತೆ," ಅಂದೆ.

"ನನಗೆ ಕಣ್ಣು ಕಾಣುತ್ತೆ ಅಂತ ಹೇಳು ಅವಳಿಗೆ."

"ನೀನೇ ಹೇಳ್ಬಾರ್ದಾ ಮಾರಾಯ್ತಿ? ಮೆಟ್ಟಿಲು ಇಳಿಯೋದು ನನ್ನ ಮಂಡಿ."

"ನಾಲ್ಕು ವರ್ಷ ಆಯ್ತು, ಇನ್ನು ಏನಂತ ಶುರು ಮಾಡ್ಲಿ?" ಎಂದು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. "ಎರಡು ಗಂಟೆಗೆ ಒಬ್ರ ಜೊತೆ ಮಾತಿದೆ. ಬಾಸ್ಟನ್ನಿನ ಆಸ್ಪತ್ರೆ. ರಾತ್ರಿಯೆಲ್ಲ ನಿದ್ದೆ ಇಲ್ಲ ಕಣೋ. ಒಳ್ಳೆ ಸುದ್ದಿ ಹೇಳೋಕೆ ಕರೆಸಿದ್ರೆ ಮಧ್ಯದಲ್ಲಿ ಹೋದ್ರೂ ಪರವಾಗಿಲ್ಲ. ಕೆಟ್ಟ ಸುದ್ದಿ ಇದ್ರೆ?"

"ಇವತ್ತು ಇಲ್ಲೇ ಕೂತಿರ್ತೀನಿ. ಹೋದ್ರೆ ನನ್ನ ಕಣ್ಣೆದುರೇ ಹೋಗ್ಲಿ."

"ಬಾಯಿಗೆ ಹುಳ ಬೀಳ್ಲಿ ನಿನ್ನ," ಎಂದು ನಕ್ಕಳು. ನಗುವಿನಲ್ಲಿ ಜೀವ ಇರಲಿಲ್ಲ. ನನ್ನನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿಕೊಂಡಳು. ರೋಗಿಯ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು.

ನಾನು ಅವಳ ಅಡುಗೆಮನೆಯ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪು ತೆರೆದು, ಲೈನಿನ ನಾಡಿ ನೋಡುತ್ತಾ ಕೂತೆ. ಎರಡಕ್ಕೆ ಸರಿಯಾಗಿ ಅವಳ ದನಿ ಶುರುವಾಯಿತು. ಅವಳು ಆಡಿದ ಪೋರ್ಚುಗೀಸು ಮಾತ್ರ, ಅದೂ ತುಣುಕು ತುಣುಕಾಗಿ, ಬಾಗಿಲ ಸಂದಿಯಿಂದ ಬರುತ್ತಿತ್ತು. ದುಭಾಷಿಗಳು 'ವೈದ್ಯರು ಹೀಗೆ ಹೇಳುತ್ತಿದ್ದಾರೆ' ಎನ್ನುವುದಿಲ್ಲ. ವೈದ್ಯರೇ ಆಗಿ 'ನಾನು' ಎನ್ನುತ್ತಾರೆ, ಆಮೇಲೆ ರೋಗಿಯಾಗಿಯೂ 'ನಾನು' ಎನ್ನುತ್ತಾರೆ. ಹೀಗೆ ದಿನವೆಲ್ಲ ಇಬ್ಬರ ಪಾಲಿನದನ್ನೂ ತನ್ನ ಬಾಯಲ್ಲಿ ಆಡಿ ಇವಳಿಗೆ ಹೇಗೆ ತಲೆ ನೆಟ್ಟಗಿದೆಯೋ ಎಂದುಕೊಂಡೆ. ದನಿಯಂತೂ ತುಂಬ ಮೆತ್ತಗಿತ್ತು. ಶಾಲೆಯಲ್ಲಿ ನನ್ನ ಬೆನ್ನಿಗೆ ಪೆನ್ಸಿಲು ಚುಚ್ಚುತ್ತಿದ್ದ ಹುಡುಗಿಯದು ಎಂದು ನಂಬುವುದು ಕಷ್ಟ.

ಎರಡು ಹತ್ತಕ್ಕೆ ನನ್ನ ಪರದೆಯ ಮೇಲಿನ ಗೆರೆ ಬಿದ್ದುಹೋಯಿತು.

ಒಳಗೆ ಅವಳ ದನಿ ನಿಂತಿತು. "ಕೇಳಿಸ್ತಿದೆಯಾ? ಡಾಕ್ಟರ್? ಕೇಳಿಸ್ತಿದೆಯಾ?" ಎಂದು ಎರಡೂ ಭಾಷೆಯಲ್ಲಿ ಕೂಗಿದಳು. ಕುರ್ಚಿ ಹಿಂದಕ್ಕೆ ಬಿತ್ತು.

"ವಾಲ್ಡೊ!"

ನಾನು ಆಗಲೇ ಮುಂದಿನ ಮೆಟ್ಟಿಲ ಮೇಲಿದ್ದೆ. ಮೂರನೇ ಮಹಡಿಯಿಂದ ಕೆಳಗಿನವರೆಗೆ ನಾನು ಹೇಗೆ ಇಳಿದೆನೋ ನನ್ನ ಮಂಡಿಗಳಿಗೇ ಗೊತ್ತು. ದಿಯೊಲಿಂಡಕ್ಕನ ಬಾಗಿಲಿಗೆ ಬೀಗ. ಬಡಿದೆ, ಕೂಗಿದೆ. ಪಕ್ಕದ ಕಿಟಕಿಯ ಗಾಜಿಗೆ ಮುಖ ಒತ್ತಿ ಒಳಗೆ ನೋಡಿದೆ. ಅಡುಗೆಮನೆ ಕಾಣುತ್ತಿತ್ತು, ಬ್ರೆಡ್ಡಿನ ಡಬ್ಬ ಕಾಣುತ್ತಿತ್ತು, ಅದರ ಪಕ್ಕ ನನ್ನ ಡಬ್ಬಿ. ಒಂದು ದೀಪವೂ ಇರಲಿಲ್ಲ. ಅಡಾಪ್ಟರನ್ನು ಗೋಡೆಯಿಂದ ಕಿತ್ತು, ವೈರು ಸುತ್ತಿ, ಡಬ್ಬಿಯ ತಲೆಯ ಮೇಲೆ ನೀಟಾಗಿ ಇಟ್ಟಿದ್ದರು. ಟೋಸ್ಟರಿನ ವೈರೂ ಹಾಗೆಯೇ, ಮೇಜಿನ ದೀಪದ ವೈರೂ ಹಾಗೆಯೇ.

ನನಗೆ ಬಂದ ಸಿಟ್ಟು ಸಣ್ಣದಲ್ಲ. ಮಾತು ಬಿಟ್ಟರೆ ಸಾಲದೆ ತಂಗಿಯ ಅನ್ನಕ್ಕೂ ಕಲ್ಲು ಹಾಕುತ್ತಿದ್ದಾಳೆ ಮುದುಕಿ ಎಂದುಕೊಂಡೆ. ನನ್ನ ನಾಲ್ಕು ಸಲದ ಮೆಟ್ಟಿಲು, ಕತ್ತರಿಸಿದ ವೈರು, ಎಲ್ಲ ಒಟ್ಟಿಗೆ ತಲೆಗೆ ಏರಿತು.

ಅವರು ಮೂಲೆಯ ಬಸ್ ಸ್ಟಾಪಿನಲ್ಲಿ, ಕಪ್ಪು ಕೋಟು ಹಾಕಿಕೊಂಡು ನಿಂತಿದ್ದರು. ಐಸಿನ ಮೇಲೆ ಜಾರುತ್ತಾ ಓಡಿದೆ.

"ಅಕ್ಕಾ! ಡಬ್ಬಿ ಕಿತ್ರಾ?"

"ಯಾವ ಡಬ್ಬಿ? ಅಯ್ಯೋ, ಕೋಟಿಲ್ದೆ ಬಂದಿದೀಯಲ್ಲೋ, ನಿಮೋನಿಯಾ ಬರ್ಸ್ಕೋತೀಯ."

"ಅಡುಗೆಮನೇಲಿ ದೀಪ ಮಿಣುಕೋದು! ಅದನ್ನ ಗೋಡೆಯಿಂದ ಕಿತ್ರಾ?"

"ಎಲ್ಲಾ ಕಿತ್ತೆ. ಟೋಸ್ಟರು, ಟಿವಿ, ದೀಪ, ನಿಂದು, ಎಲ್ಲಾ. ಫ್ರಿಜ್ ಒಂದು ಬಿಟ್ಟು." ನನ್ನ ಮುಖವನ್ನು ಅನುಮಾನದಿಂದ ನೋಡಿದರು. "ಮನೆ ಬಿಟ್ಟು ಹೊರಡೋವಾಗ ಕೀಳ್ದೆ ಬಿಟ್ಟು ಹೋಗ್ತಾರಾ? ನಿಮ್ಮಮ್ಮ ಕೀಳ್ತಿರ್ಲಿಲ್ವಾ?"

ಕೀಳುತ್ತಿದ್ದಳು. ಚರ್ಚಿನ ಪೂಜೆಗೆ ಹೊರಡುವ ಮುಂಚೆ ರೇಡಿಯೊ, ಕಾಫಿ ಯಂತ್ರ, ಇಸ್ತ್ರಿ ಪೆಟ್ಟಿಗೆ, ಕ್ರಿಸ್ಮಸ್ಸಿನ ದೀಪದ ಸರ, ಒಂದೊಂದನ್ನೂ ಕಿತ್ತು, ಕೈಯಿಂದ ಮುಟ್ಟಿ ನೋಡಿ, ಬೀಗ ಹಾಕಿದ ಮೇಲೆ ಮತ್ತೊಮ್ಮೆ ಒಳಗೆ ಹೋಗಿ ನೋಡಿ ಬರುತ್ತಿದ್ದಳು. ಈ ಊರಿನ ಮರದ ಮನೆಗಳಲ್ಲಿ ಬೆಳೆದ ಎಲ್ಲರ ತಾಯಂದಿರೂ ಹಾಗೆಯೇ ಮಾಡುತ್ತಿದ್ದರು. ಇದು ನನಗೆ ಹೊಳೆಯಬೇಕಿತ್ತು. ನಾನು ಹೋದಾಗಲೆಲ್ಲ ಬಾಗಿಲು ತೆರೆಯಲು ಅವರು ಮನೆಯಲ್ಲಿರುತ್ತಿದ್ದರು, ಅವರು ಮನೆಯಲ್ಲಿದ್ದಾಗ ಪ್ಲಗ್ಗು ಗೋಡೆಯಲ್ಲಿರುತ್ತಿತ್ತು.

"ಯಾವಾಗಲೂ ಕೀಳ್ತೀರಾ?"

"ಹೊರಟಾಗಲೆಲ್ಲ. ಮಂಗಳವಾರ ಚರ್ಚಿನಲ್ಲಿ ಮೇಣದಬತ್ತಿ ಕರಗಿಬಿದ್ದ ಮೇಣ ಕೆರೆಯೋಕೆ ಹೋಗ್ತೀನಿ, ಈಗ ಶುಕ್ರವಾರ ಶಿಲುಬೆಯ ಹಾದಿ ಪ್ರಾರ್ಥನೆಗೂ ಹೋಗ್ತೀನಿ. ವಾಪಸ್ ಬಂದ ತಕ್ಷಣ ಹಾಕ್ತೀನಲ್ಲ, ನಿನ್ನ ಡಬ್ಬಿಗೇನು ನೋವಾ?"

"ಅದಕ್ಕೆ ಬೆಂಕಿ ಹೊತ್ಕೊಳ್ಳಲ್ಲ ಅಕ್ಕ. ಅದು ಬೆಚ್ಚಗೂ ಆಗಲ್ಲ."

"ಎದುರುಮನೆ ಮೊಂತೇರೊ ಮನೆಯವರೂ ಹಾಗೇ ಅಂದ್ಕೊಂಡಿದ್ರು." ಅವರ ದನಿ ಸ್ವಲ್ಪ ಇಳಿಯಿತು. "ಬೆಂಕಿ ಬಿದ್ದಾಗ ಕೆಳಗಿನವರು ಚಪ್ಪಲಿ ಹಾಕ್ಕೊಂಡು ಆಚೆ ಬಂದ್ರು. ಮೂರನೇ ಮಹಡಿಯವರನ್ನ ಹೊತ್ತು ತರಬೇಕಾಯ್ತು. ಬೆಂಕಿ ಕೆಳಕ್ಕೆ ಇಳಿಯುತ್ತೇನೋ? ಮೇಲಕ್ಕೆ ಹತ್ತುತ್ತೆ. ನಾನು ಮನೇಲಿದ್ರೆ ಕೂಗಾದ್ರೂ ಹಾಕ್ತೀನಿ. ನಾನಿಲ್ದಾಗ ಹೊತ್ಕೊಂಡ್ರೆ ಅವಳಿಗೆ ಹೇಳೋರು ಯಾರು? ಕಿವಿಗೆ ಅದೇನೋ ಸಿಗಿಸ್ಕೊಂಡು ಕೂತಿರ್ತಾಳೆ. ಆ ಸೊಂಟ ಇಟ್ಕೊಂಡು ಎಷ್ಟು ಬೇಗ ಇಳೀತಾಳೆ?"

ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಉಳಿದದ್ದು ಸುಸ್ತು ಮಾತ್ರ. "ಬೀಗದ ಕೈ ಕೊಡಿ ಅಕ್ಕ," ಅಂದೆ. "ಆ ಡಬ್ಬಿ ಆರಿದ್ರೆ ಅವಳ ಕೆಲಸ ನಿಲ್ಲುತ್ತೆ. ಈಗ ಒಬ್ಬ ರೋಗಿಯ ಜೊತೆ ಮಾತಾಡ್ತಿದ್ಲು, ಅರ್ಧಕ್ಕೆ ಕಡಿದುಹೋಯ್ತು."

ಅವರು ಕೋಟಿನ ಜೇಬಿಗೆ ಕೈ ಹಾಕಿದವರು ಹಾಗೆಯೇ ನಿಂತರು. ಬಸ್ಸು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು.

"ಅವಳ ಮಾತು ನನ್ನ ಅಡುಗೆಮನೆಯಿಂದ ಹೋಗುತ್ತಾ?" ಅಂದರು. "ನೀನು ಟಿವಿಗೆ ಅಂತ ಅಲ್ವಾ ಅದನ್ನ ಇಟ್ಟಿದ್ದು?"

ನಾನು ಅವರಿಗೆ ಹೇಳಿಯೇ ಇರಲಿಲ್ಲ. ಜನವರಿಯಲ್ಲಿ ಡಬ್ಬಿ ಕೂರಿಸುವಾಗ 'ಇದು ಇಲ್ಲಿರ್ಲಿ ಅಕ್ಕ' ಎಂದು ಮಾತ್ರ ಹೇಳಿ, ಪೆಟ್ಟಿಗೆ ಎತ್ತಿಕೊಂಡು ಹೊರಟಿದ್ದೆ. ಅದರ ಮೇಲೊಂದು ಚೀಟಿ ಅಂಟಿಸಿದ್ದರೂ ಸಾಕಿತ್ತು.

ಬೀಗದ ಕೈ ಇಸಿದುಕೊಂಡು ಓಡಿ, ಪ್ಲಗ್ಗು ಚುಚ್ಚಿದೆ. ಡಬ್ಬಿಗೆ ಎಚ್ಚರವಾಗಲು ಮೂರು ನಿಮಿಷ ಬೇಕು. ಆ ಮೂರು ನಿಮಿಷ ನಾನು ಅದರ ಮುಂದೆ ನಿಂತು, ದೀಪ ಒಂದೊಂದಾಗಿ ಹೊತ್ತುವುದನ್ನು ನೋಡುತ್ತಾ, ಬಾಯಿಗೆ ಬಂದ ಬೈಗುಳವನ್ನೆಲ್ಲ ನನಗೇ ಬೈದುಕೊಂಡೆ. ಆಮೇಲೆ ಮತ್ತೆ ಮೂವತ್ತೆಂಟು ಮೆಟ್ಟಿಲು.

ನತೆರ್ಸಿಯಾ ನೆಲದ ಮೇಲೆ, ಬಿದ್ದ ಕುರ್ಚಿಯ ಪಕ್ಕ, ಗೋಡೆಗೆ ಒರಗಿ ಕೂತಿದ್ದಳು. ಕೈಯಲ್ಲಿ ಫೋನಿತ್ತು.

"ಏಜೆನ್ಸಿಗೆ ಫೋನ್ ಮಾಡ್ದೆ. ಬೇರೆಯವರನ್ನ ಹಾಕಿದ್ರಂತೆ," ಅಂದಳು. "ನಾಲ್ಕು ನಿಮಿಷದಲ್ಲಿ ಬೇರೆಯವರು ಬಂದ್ರಂತೆ. ನಾಲ್ಕು ನಿಮಿಷ ಆ ಮನುಷ್ಯ ಏನು ಮಾಡ್ತಿದ್ದ ವಾಲ್ಡೊ? ಹಡಗಿನಲ್ಲಿ ಕೆಲಸ ಮಾಡಿದ ಮುದುಕ. ಟೋಪಿ ತೊಡೆ ಮೇಲಿಟ್ಕೊಂಡು ಕೂತಿದ್ದ. ಡಾಕ್ಟರು ಹೇಳಿದ್ದಷ್ಟನ್ನೂ ನಾನು ಕೇಳಿಸ್ಕೊಂಡಿದ್ದೆ. 'ನಿಮ್ಮ ಸ್ಕ್ಯಾನು ನೋಡಿದೆ, ಅದರಲ್ಲಿ' ಅಂತ ಬಾಯಿ ತೆಗೆದೆ, ಅಷ್ಟೇ. ಉಳಿದದ್ದು ನನ್ನ ಬಾಯಲ್ಲೇ ಉಳೀತು. ಅವನು ನನ್ನ ಬಾಯನ್ನೇ ನೋಡ್ತಿದ್ದ."

ನಾನೂ ನೆಲಕ್ಕೆ ಕೂತೆ. ಏಳಲು ಆಗುವುದಿಲ್ಲ ಎಂದು ಗೊತ್ತಿದ್ದೂ ಕೂತೆ. ನಡೆದದ್ದನ್ನೆಲ್ಲ ಹೇಳಿದೆ. ಡಬ್ಬಿಯನ್ನು ನಾನು ಎಲ್ಲಿ ಇಡಬೇಕಿತ್ತು, ಯಾಕೆ ಇಡಲಿಲ್ಲ, ಅವಳಕ್ಕನಿಗೆ ಏನನ್ನು ಹೇಳದೆ ಹೋದೆ, ಅವಳಕ್ಕ ಬಸ್ ಸ್ಟಾಪಿನಲ್ಲಿ ಏನಂದರು, ಒಂದನ್ನೂ ಬಿಡಲಿಲ್ಲ. ನನಗೆ ನಾಚಿಕೆಯಾಗುತ್ತಿತ್ತು, ಅದನ್ನೂ ಹೇಳಿದೆ. ಅವಳು ನನ್ನನ್ನು ಬೈಯಬಹುದಿತ್ತು. ಬೈದಿದ್ದರೆ ಒಳ್ಳೆಯದಿತ್ತು.

"ನಾನು ಮೇಲಿದೀನಿ ಅಂತಲಾ?" ಅಂದಳು. "ನಾನು ಮೇಲಿದೀನಿ ಅಂತ ಕೀಳ್ತಿದ್ಲಾ?"

"ಹಾಗಂದ್ರು."

"ಅಮ್ಮನೂ ಹಾಗೇ ಕೀಳ್ತಿದ್ಲು." ಹಣೆಗೆ ಕೈ ಒತ್ತಿಕೊಂಡಳು. ಅಳುತ್ತಾಳೇನೋ ಎಂದುಕೊಂಡೆ, ಅಳಲಿಲ್ಲ. "ಇಷ್ಟು ದಿನ ನಾನು ಸತ್ರೂ ಇವಳಿಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೆ ಕಣೋ."

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಎರಡು ಹೆಜ್ಜೆ, ಒಂದು ಉಸಿರು. ಮತ್ತೆ ಎರಡು ಹೆಜ್ಜೆ. ಎರಡನೇ ಮಹಡಿಯಲ್ಲಿ ಬಹಳ ಹೊತ್ತು ನಿಂತಿತು. ನತೆರ್ಸಿಯಾ ನನ್ನ ಭುಜ ಹಿಡಿದು ಎದ್ದಳು, ಕುರ್ಚಿ ನೆಟ್ಟಗೆ ನಿಲ್ಲಿಸಿದಳು, ಕೂದಲು ಸರಿಮಾಡಿಕೊಂಡಳು. ಬಾಗಿಲಿಗೆ ಬಂದ ದಿಯೊಲಿಂಡಕ್ಕನ ಮೈಮೇಲೆ ಇನ್ನೂ ಕೋಟಿತ್ತು, ಕೈಚೀಲ ಎದೆಗೆ ಅವುಚಿಕೊಂಡಿದ್ದರು. ತಂಗಿಯನ್ನು ನೋಡಲಿಲ್ಲ, ಕೋಣೆಯನ್ನು ನೋಡಿದರು.

"ಈ ಕಿಟಕಿ ಪರದೆ ಅಮ್ಮಂದಲ್ವಾ?" ಅಂದರು.

"ಹೌದು. ನೀನು ಚರ್ಚಿಗೆ ಕೊಟ್ಟಿದ್ನ ನಾನು ಅಲ್ಲಿಂದ ಕೇಳಿ ತಂದೆ."

"ನನ್ನನ್ನ ಕೇಳಿದ್ರೆ ನಾನೇ ತಂದ್ಕೊಡ್ತಿದ್ದೆ."

"ನೀನು ಕೊಡೋಕೆ ಮುಂಚೆ ನನ್ನನ್ನ ಕೇಳಿದ್ದಾ?"

ಜಗಳ ಶುರುವಾಯಿತು, ಪುಣ್ಯ ಎಂದುಕೊಂಡೆ. ಆದರೆ ದಿಯೊಲಿಂಡಕ್ಕನಿಗೆ ಜಗಳವಾಡುವ ಶಕ್ತಿ ಉಳಿದಿರಲಿಲ್ಲ. ನತೆರ್ಸಿಯಾ ತಳ್ಳಿದ ಕುರ್ಚಿಯ ತುದಿಯಲ್ಲಿ ಕೂತು, ಉಸಿರು ಹಿಡಿದುಕೊಂಡು ಕೇಳಿದರು.

"ನನಗೆ ಗೊತ್ತಿರ್ಲಿಲ್ಲ ಕಣೆ. ದೇವರಾಣೆ ಗೊತ್ತಿರ್ಲಿಲ್ಲ. ನನ್ನಿಂದ ನಿನಗೆ ಏನಾದ್ರೂ ಕೆಟ್ಟದಾಯ್ತಾ?"

ಅವಳು ಉತ್ತರ ಕೊಡುವ ಮೊದಲೇ ಕಂಪ್ಯೂಟರು ಟಿಂಗ್ ಎಂದಿತು. ಲೈನು ಈಗ ಚೆನ್ನಾಗಿ ನಡೆಯುತ್ತಿತ್ತು. ಏಜೆನ್ಸಿಯ ಪತ್ರ. ನನಗೂ ಕಾಣುತ್ತಿತ್ತು, ನಾನು ಅವಳ ಹಿಂದೆಯೇ ನಿಂತಿದ್ದೆ. ಮೂರೇ ಸಾಲು. ಹದಿನೆಂಟು ವರ್ಷದ ಅವಳ ಅನುಭವಕ್ಕೆ ಗೌರವ, ವಂದನೆ. ಇಂದಿನಿಂದ ಅವಳ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ಕಾರಣ: ದುಭಾಷಿಯ ಮನೆಯ ಲೈನು ಮೂರನೇ ಸಲ ಕಡಿದು ರೋಗಿಗೆ ತೊಂದರೆಯಾಗಿದೆ.

"ಏನದು?" ಅಂದರು ದಿಯೊಲಿಂಡಕ್ಕ. ಮೂವತ್ತು ವರ್ಷ ಕಿಟಕಿ ಪರದೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿದವರು, ಅಂಗಡಿಯ ಇಂಗ್ಲಿಷು ಬರುತ್ತದೆ, ಕಾಗದದ ಇಂಗ್ಲಿಷು ಬರುವುದಿಲ್ಲ. "ಕೆಲಸದವರದ್ದಾ? ಏನ್ ಬರ್ದಿದಾರೆ? ನನಗೂ ಹೇಳು."

ನತೆರ್ಸಿಯಾ ಪತ್ರವನ್ನು ಇನ್ನೊಮ್ಮೆ ಮೊದಲಿನಿಂದ ಓದಿದಳು. ಆಮೇಲೆ ಬಾಗಿಲ ಆಚೆಯಿಂದ ನಾನು ಕೇಳಿದ್ದ ಅದೇ ಮೆತ್ತನೆಯ ದನಿಯಲ್ಲಿ ಶುರುಮಾಡಿದಳು.

"ಹದಿನೆಂಟು ವರ್ಷದ ನಿಮ್ಮ ಅನುಭವಕ್ಕೆ ನಾವು ಗೌರವ ಕೊಡ್ತೀವಿ, ನಿಮಗೆ ವಂದನೆ. ಇವತ್ತಿನಿಂದ ನಿಮ್ಮ ಹೆಸರು ನಮ್ಮ ಪಟ್ಟೀಲಿ ಇರಲ್ಲ." ಮೂರನೇ ಸಾಲಿಗೆ ಬಂದಳು. "ಆಸ್ಪತ್ರೆಗಳಲ್ಲಿ ಕೆಲಸ ಕಮ್ಮಿಯಾಗಿದೆ. ಇಷ್ಟು ಜನ ದುಭಾಷಿಗಳನ್ನ ಇಟ್ಕೊಳ್ಳೋಕೆ ನಮ್ಮಿಂದ ಆಗ್ತಿಲ್ಲ. ಹೋದ ವಾರವೇ ಇದನ್ನ ತೀರ್ಮಾನ ಮಾಡಿದ್ವಿ."

"ಹೋದ ವಾರವೇನಾ?"

"ಹೋದ ವಾರ."

"ಹಾಗಾದ್ರೆ ನಾನು ಕಿತ್ತಿದ್ದಕ್ಕೆ ಅಲ್ಲ?"

"ಅದಕ್ಕಲ್ಲ ಅಕ್ಕ. ಇಲ್ಲೇ ಬರ್ದಿದೆಯಲ್ಲ, ನೋಡು," ಎಂದು ನತೆರ್ಸಿಯಾ ಮೂರನೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ತೋರಿಸುತ್ತಾ ನನ್ನ ಕಡೆ ಒಂದು ಸಲ ನೋಡಿದಳು.

ದಿಯೊಲಿಂಡಕ್ಕ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಪರದೆಗೆ ಮುಖ ಹತ್ತಿರ ತಂದು, ತಂಗಿಯ ಬೆರಳಿನ ಗುಂಟ ಆ ಸಾಲನ್ನು ಕೊನೆಯವರೆಗೂ ನೋಡಿದರು.

"ಸದ್ಯ," ಅಂದರು. "ನಾನೇ ಏನೋ ಮಾಡ್ಬಿಟ್ಟೆ ಅಂತ ಮೆಟ್ಟಿಲು ಹತ್ತೋಕೇ ಆಗ್ತಿರ್ಲಿಲ್ಲ ಕಣೆ."